ಅಜ್ಜನ ಟ್ಯಾಂಕಿನ ಮೂತಿ

ನಾನು ಹೇಳುವ ಹತ್ತರಲ್ಲಿ ಒಂಬತ್ತು ಸುಳ್ಳೆಂದು ಮನೆಮಂದಿಗೆಲ್ಲ ಗೊತ್ತು. ಇದು ಉಳಿದ ಒಂದು.

ಸೈನ್ಯದಲ್ಲಿ ಟ್ಯಾಂಕ್ ಓಡಿಸುತ್ತಿದ್ದ ಅಜ್ಜ ತೀರಿಕೊಂಡ ಮೇಲೆ ಅಜ್ಜಿ ನಗುವುದನ್ನೇ ಬಿಟ್ಟಿದ್ದಳು. ಅವನು ಮುದ್ದಿನಿಂದ ಇಟ್ಟುಕೊಂಡಿದ್ದ ಅಂಗೈಯಗಲದ ಮಾದರಿ ಟ್ಯಾಂಕನ್ನು ನಾನು ಉಜ್ಜಿ, ಹೊಸದಾಗಿ ಹಸಿರು ಬಳಿದೆ. ಲೊಡಲೊಡ ಅಲ್ಲಾಡುತ್ತಿದ್ದ ತೋಪನ್ನು ಮುಂದಕ್ಕೆ ಮುಖಮಾಡಿಸಿ ಗಟ್ಟಿಯಾಗಿ ಅಂಟಿಸಿದೆ. ಎಲ್ಲ ಒಣಗಿದ ಮೇಲೆ ಅಜ್ಜಿಯ ಕುರ್ಚಿಗೇ ಗುರಿಯಾಗುವಂತೆ ಮೇಜಿನ ಮೇಲಿಟ್ಟು, ಬಾಗಿಲ ಹಿಂದೆ ಅಡಗಿ, ಥೇಟ್ ಅಜ್ಜನಂತೆ ಕೆಮ್ಮಿದೆ.

"ಏನೇ, ಟೀ ಆಯ್ತಾ?"

ಕುರ್ಚಿ ಕಿರುಗುಟ್ಟಿತು. ಎಲ್ಲಿಂದಲೋ ಡೀಸೆಲ್ ವಾಸನೆ ಬಂತು.

"ಬಾರೋ ಕಳ್ಳ, ನಿಮ್ಮಜ್ಜನ ಕೆಮ್ಮು ಇಷ್ಟು ಬಡಕಲಲ್ಲ!"

ಹೊರಗೆ ಬಂದು ನೋಡಿದರೆ ಟ್ಯಾಂಕು ಇಟ್ಟಂತೆಯೇ ಇತ್ತು, ತೋಪು ಮಾತ್ರ ಗೋಡೆಯ ಕಡೆ ತಿರುಗಿತ್ತು. ಮುಟ್ಟಿದರೆ ಟ್ಯಾಂಕು ಈಗಷ್ಟೇ ಓಡಿಬಂದಂತೆ ಬಿಸಿಯಾಗಿತ್ತು.

"ಅಜ್ಜಿ, ನೀನು ತಿರುಗಿಸಿದ್ಯಾ?"

"ನಾನ್ಯಾಕೋ ಮುಟ್ಲಿ? ಅವರು ಒಂದು ದಿನಾನೂ ಅದರ ಮೂತೀನ ನನ್ನ ಕಡೆಗಿಟ್ಟೋರಲ್ಲ. 'ಇವಳಿಗೆ ಗುರಿಯಿಟ್ಟು ಬದುಕಿ ಉಳಿದೋರುಂಟಾ' ಅಂತಿದ್ರು."

ತೋಪನ್ನು ಮತ್ತೆ ತಿರುಗಿಸಲು ಹೋದೆ. ಅಂಟು ಎಲ್ಲೂ ಬಿಟ್ಟಿರಲಿಲ್ಲ. ಅದು ಕೂದಲೆಳೆಯಷ್ಟೂ ಅಲುಗಲಿಲ್ಲ. ನನ್ನ ಮುಖ ನೋಡಿದ ಅಜ್ಜಿ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತ, ಬೀದಿಗೆಲ್ಲ ಕೇಳುವಂತೆ ನಕ್ಕಳು.