ದಿನಕ್ಕೊಂದು ಕೋಳಿ ಕಾಲು

“ಅಲ್ಲಾಡಬೇಡಿ!”

ಡೆಲ್ಮಾ ತಲೆ ಎತ್ತುವಷ್ಟರಲ್ಲಿ ಅಪರಿಚಿತನೊಬ್ಬ ಕೋಳಿ ನೆನೆಸಲು ಇಟ್ಟಿದ್ದ ಒಂದು ಬೋಗುಣಿ ವಿನೆಗರನ್ನು ಅವಳ ಸೊಂಟಕ್ಕೆ ಎರಚಿಬಿಟ್ಟ!

“ಹುಚ್ಚು ಹಿಡಿದಿದೆಯಾ ನಿಮಗೆ?”

“ಇಲ್ಲ... ನಿಮ್ಮ ಏಪ್ರನ್‌ಗೆ ಬೆಂಕಿ ಹಿಡಿದಿತ್ತು.”

ನಿಜ. ಏಪ್ರನ್ನಿನ ಅಂಚು ಕರಕಲಾಗಿತ್ತು. ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕಿ ಜ್ವಾಲೆ ಎದ್ದಾಗ ಹಾರಿದ ಕಿಡಿ. ಧನ್ಯವಾದ ಹೇಳಬೇಕು... ಆದರೆ ಮೈಯೆಲ್ಲ ಉಪ್ಪಿನಕಾಯಿಯಂತೆ ನಾರುತ್ತಿರುವಾಗ ಹೇಗೆ ಹೇಳುವುದು?

ಬಕೊಲೊಡ್ ಊರಿನ ಆ ಬೀದಿಯಲ್ಲಿ ಡೆಲ್ಮಾ ಮತ್ತು ಅವಳ ಚಿಕ್ಕಮ್ಮ ತಿಯಾ ಪಾಸಿಂಗ್ ಇದ್ದಿಲಿನ ಮೇಲೆ ಕೋಳಿ ಸುಟ್ಟು ಮಾರುತ್ತಿದ್ದರು. ಉದ್ದಕ್ಕೆ ಸೀಳಿದ ಎಣ್ಣೆ ಪೀಪಾಯಿಯೇ ಅವರ ಒಲೆ. ವಿನೆಗರ್ ಎರಚಿದವನು ಅರ್ಸೆನ್ಯೊ, ಹಿಂದಿನ ಓಣಿಗೆ ಹೊಸದಾಗಿ ಬಂದ ವೆಲ್ಡಿಂಗ್ ಅಂಗಡಿಯವನು.

ಮರುದಿನ ಅವನು ಕಾಲುಗಳಿದ್ದ ಕಬ್ಬಿಣದ ಜಾಲರಿಯೊಂದನ್ನು ತಂದ. “ಇದರ ಮೇಲಿಟ್ಟರೆ ಕೋಳಿ ಕೆಂಡದಿಂದ ದೂರ ಇರುತ್ತೆ. ನಿನ್ನೇದಕ್ಕೆ ಕ್ಷಮಿಸಿ.” ಒಂದು ಕೋಳಿ ಕಾಲು ಕೊಂಡು, ಬಾಳೆ ಎಲೆಯಲ್ಲಿ ಸುತ್ತಿಸಿಕೊಂಡು ಹೊರಟ.

“ಇಲ್ಲೇ ತಿನ್ನಬಹುದಲ್ಲ?”

“ಮನೇಲಿ... ನಿಧಾನಕ್ಕೆ ತಿಂತೀನಿ.”

ಮುಂದಿನ ವಾರ ಮೀನು ಸುಡಲು ಮುಚ್ಚಳ, ಹಿಡಿಕೆ ಇದ್ದ ಪಂಜರ ಬಂತು. ಆಮೇಲೆ ಬದನೆಕಾಯಿ, ಬೊಂಡಾಸ್ ಮೀನು ಕೆಂಡಕ್ಕೆ ಜಾರದಂತೆ ತೂತುಗಳ ದಪ್ಪ ತಟ್ಟೆ. ಕೆಂಡದ ಪಕ್ಕದಲ್ಲೇ ಅನ್ನ ಬೇಯಲು ಪಾತ್ರೆ ತೂಗುಹಾಕುವ ಕೊಕ್ಕೆ. ಅದೇ ಪೀಪಾಯಿ ಒಲೆ, ಆದರೆ ಈಗ ಅದರ ಮೇಲೆ ಇಡೀ ಊಟವೇ ತಯಾರಾಗುತ್ತಿತ್ತು!

“ಬೇರೆಯವರು ಹೂವು ತರ್ತಾರೆ,” ತಿಯಾ ಪಾಸಿಂಗ್ ಮೂಗು ಮುರಿದಳು. “ಇವನು ನೋಡು ಮಗಳೇ, ಗುಜರಿ ತರ್ತಾನೆ.”

“ಸುಮ್ನಿರಿ ತಿಯಾ!” ಎಂದರೂ ಡೆಲ್ಮಾಳ ಕೆನ್ನೆ ಕೆಂಪೇರುತ್ತಿತ್ತು. ದಿನವೂ ದೊಡ್ಡ ಕಾಲೊಂದನ್ನು ಆರಿಸಿ, ಕೋಳಿಗೆ ಹಚ್ಚುವ ಕೆಂಪು ಮಸಾಲೆ ಎಣ್ಣೆಯನ್ನು ಎರಡು ಸಲ ಹೆಚ್ಚು ಸವರಿ ಅವನಿಗೆಂದೇ ಎತ್ತಿಡುತ್ತಿದ್ದಳು. ‘ನನ್ನ ಕೈರುಚಿ ಅಷ್ಟು ಹಿಡಿಸಿದೆ ಇವನಿಗೆ...’

ಎರಡು ತಿಂಗಳು ಕಳೆದವು. ಒಂದು ಮಧ್ಯಾಹ್ನ ಸಡಿಲವಾದ ಪಂಜರದ ಹಿಡಿಕೆಯನ್ನು ಸರಿಮಾಡಿಸಲು ಅವಳೇ ಅವನ ಅಂಗಡಿಗೆ ಹೋದಳು.

ಹಿತ್ತಲಲ್ಲಿ ದುಂಡಗಿನ ನಾಯಿಯೊಂದು ಮಲಗಿತ್ತು. ಅದರ ಮುಂದೆ ಅವಳದೇ ಬಾಳೆ ಎಲೆ. ಬಾಯಲ್ಲಿ ಅವಳು ಎತ್ತಿಟ್ಟ ಕೋಳಿ ಕಾಲು!

ಡೆಲ್ಮಾಳ ಕಣ್ಣು ತುಂಬಿ ಬಂತು. ‘ಬಾಯಿಗೇ ಇಡದಷ್ಟು ಕೆಟ್ಟದಾಗಿತ್ತಾ?’

ಅರ್ಧ ಗಂಟೆಯಲ್ಲಿ ಅವನು ಕೊಟ್ಟಿದ್ದೆಲ್ಲವನ್ನೂ ಗೋಣಿಚೀಲಕ್ಕೆ ತುಂಬಿ ತಂದು ಅವನ ಬಾಗಿಲಲ್ಲಿ ಧಡಾರನೆ ಸುರಿದಳು.

“ನಿಮ್ಮ ನಾಯಿಗೆ ಬೇರೆ ಅಡುಗೆಯವಳನ್ನ ನೋಡ್ಕೊಳ್ಳಿ!”

ಅವನು ವೆಲ್ಡಿಂಗ್ ಮುಖವಾಡ ತೆಗೆಯುವಷ್ಟರಲ್ಲಿ ಅವಳು ಬೀದಿ ದಾಟಿದ್ದಳು.

ಆ ಭಾನುವಾರ ಪಕ್ಕದ ಬೀದಿಯ ಶಿಕ್ಷಕಿಯ ಮನೆಯಲ್ಲಿ ಮಗುವಿನ ನಾಮಕರಣ. ನಲವತ್ತು ಜನರಿಗೆ ಕೋಳಿ, ಮೀನು, ಬದನೆಕಾಯಿ, ಅನ್ನ ಎಲ್ಲ ಒಪ್ಪಿಕೊಂಡಾಗಿತ್ತು. ಅಂಗಳಕ್ಕೆ ಒಯ್ದ ಬರಿಯ ಒಲೆಯ ಮೇಲೆ ಮೊದಲ ಮೀನು ಕಂಬಿಗೆ ಅಂಟಿ ಮೂರು ತುಂಡಾಯಿತು. ಬದನೆಕಾಯಿ ಕೆಂಡಕ್ಕೆ ಉರುಳಿತು. ಅನ್ನಕ್ಕೆ ಜಾಗವೇ ಇಲ್ಲ!

“ಮರ್ಯಾದೆ ಹೋಯ್ತು ತಿಯಾ...” ಅವಳು ಅಳುವುದೊಂದೇ ಬಾಕಿ.

ಆಗ ಗೇಟಿನಲ್ಲಿ ಗೋಣಿಚೀಲ ಹೊತ್ತ ಅರ್ಸೆನ್ಯೊ!

“ಬೈಯೋದು ಆಮೇಲೆ. ಮೊದಲು ಮೀನು ಉಳಿಸೋಣ.”

ಕೋಳಿ ಜಾಲರಿ ಏರಿತು. ಮೀನು ಪಂಜರ ಸೇರಿತು. ಬದನೆಕಾಯಿ ತಟ್ಟೆಯ ಮೇಲೆ ಸಿಡಿಯತೊಡಗಿತು. ಇಬ್ಬರೂ ಭುಜಕ್ಕೆ ಭುಜ ತಾಗಿಸಿ ದುಡಿದರು. ಊಟ ಹೊತ್ತಿಗೆ ಸರಿಯಾಗಿ ಬಡಿಸಿದ್ದಾಯಿತು.

ಶಿಕ್ಷಕಿ ಖುಷಿಯಿಂದ ಅವನಿಗೊಂದು ಕೋಳಿ ಕಾಲು ಕೊಟ್ಟಳು. ಅವನು ಹಿಂಜರಿದ.

“ತಿನ್ನಿ,” ಎಂದಳು ಡೆಲ್ಮಾ. “ಇಲ್ಲಿ ನಾಯಿ ಇಲ್ಲವಲ್ಲ.”

ಆ ಮಾತು ನಾಟಿತು. ಅವನು ಒಂದೇ ಬಾಯಿಗೆ ಅರ್ಧ ಕಾಲು ಕಚ್ಚಿದ.

ಹತ್ತು ನಿಮಿಷದಲ್ಲಿ ಅವನ ತುಟಿ ಊದಿತು. ಕಿವಿ ಕೆಂಪಾದವು. ಮೈತುಂಬ ದದ್ದು! ಅತಿಥಿಗಳಲ್ಲಿದ್ದ ನರ್ಸ್ ಓಡಿಬಂದು ಮಾತ್ರೆ ನುಂಗಿಸಿ ಪಕ್ಕದಲ್ಲೇ ಕೂತಳು. “ಕೋಳಿ ನಿಮಗೆ ಆಗಲ್ವಾ?”

“ಚಿಕ್ಕಂದಿನಿಂದ್ಲೂ ಆಗಲ್ಲ.”

ಡೆಲ್ಮಾ ಬೆಚ್ಚಿದಳು. “ಮತ್ತೆ... ಎರಡು ತಿಂಗಳು ದಿನಾ ಯಾಕೆ ತಗೊಂಡ್ರಿ?”

“ನೀವು ಮಾರೋದು ಕೋಳಿ ತಾನೇ? ಪೊರಕೆ ಮಾರಿದ್ರೆ... ದಿನಾ ಪೊರಕೆ ತಗೋತಿದ್ದೆ.”

“ಅಯ್ಯೋ, ಮನೆ ತುಂಬ ಪೊರಕೆ ಆಗ್ತಿತ್ತಲ್ಲೋ ಹುಡುಗಾ!” ತಿಯಾ ಪಾಸಿಂಗ್ ಹಣೆ ಚಚ್ಚಿಕೊಂಡಳು.

ಡೆಲ್ಮಾಗೆ ನಗು, ಅಳು ಒಟ್ಟಿಗೇ ಬಂದವು. “ಬಾಯಿಬಿಟ್ಟು ಹೇಳೋಕಾಗ್ತಿರಲಿಲ್ವಾ?”

“ಕಬ್ಬಿಣ ಬೆಸೆಯೋದು ಗೊತ್ತು... ಮಾತು ಬೆಸೆಯೋಕೆ ಬರಲ್ಲ.”

ಸ್ವಲ್ಪ ಹೊತ್ತಿನಲ್ಲಿ ಉಸಿರಾಟಕ್ಕೇನೂ ತೊಂದರೆಯಿಲ್ಲವೆಂದು ನರ್ಸ್ ನಗುತ್ತಾ ಎದ್ದಳು. ಡೆಲ್ಮಾ ಪಂಜರದಿಂದ ಕೊನೆಯ ಮೀನು ತೆಗೆದು, ಮುಳ್ಳು ಬಿಡಿಸಿ ಅವನ ಮುಂದಿಟ್ಟಳು. ಅವನು ತಿನ್ನದೆ ಅವಳನ್ನೇ ನೋಡುತ್ತಿದ್ದ.

“ಏನು, ಹೀಗೇ ನೋಡ್ತಾ ಕೂರ್ತೀರಾ?”

“ಊತ ಇಳಿಯೋವರೆಗೂ.”

“ಇಳಿದ ಮೇಲೆ?”

“ಆಮೇಲೂ...”

ಅವಳು ಅವನ ಪಕ್ಕಕ್ಕೆ ಸರಿದು ಕುಳಿತಳು. “ಸರಿ, ನೋಡಿ.”