ತೂಕದ ಮಾತು

ಏಪ್ರಿಲ್ ಬಿಸಿಲಲ್ಲಿ ಜರ್ಕಿನ್ ಹಾಕಿಕೊಂಡು ಹೊಳೆದಂಡೆಯಲ್ಲಿ ಓಡುವವನು ಒಂದೋ ಕಳ್ಳ, ಇಲ್ಲವೇ ಹುಚ್ಚ ಎಂದುಕೊಂಡಳು ಅರ್ಪಿತ. ಹತ್ತಿರ ಬಂದಾಗ ಗೊತ್ತಾಯಿತು, ಎರಡೂ ಅಲ್ಲ; ಹೋದ ತಿಂಗಳು ತಾನೇ ಬೇಡವೆಂದ ಗಂಡು.

ನಂಜನಗೂಡಿನ ಅಮೃತೇಶ, ಬಿತ್ತನೆ ಬೀಜದ ಅಂಗಡಿಯವನು. ಅವಳು ಇದೇ ತಿ. ನರಸೀಪುರದ ಹೈಸ್ಕೂಲಿನಲ್ಲಿ ಪಿ.ಟಿ. ಮೇಡಂ.

ಅವನೂ ನೋಡಿದ. ನೋಡದವನಂತೆ ಮುಂದೆ ಹೋದ. ಹೋದಷ್ಟೇ ಬಂತು, ಉಸಿರು ಸಾಲದೆ ಹೊಳೆಯ ಮೆಟ್ಟಿಲ ಮೇಲೆ ಕುಸಿದು ಕೂತ.

"ಮೊದ್ಲು ಆ ಜರ್ಕಿನ್ ಬಿಚ್ರೀ!" ನೀರಿನ ಬಾಟಲಿ ಚಾಚಿದಳು. "ನಂಜನಗೂಡಲ್ಲಿ ಓಡೋಕೆ ಜಾಗ ಇರ್ಲಿಲ್ವಾ?"

ನೀರು ಕುಡಿದು ಸುಧಾರಿಸಿಕೊಂಡವನು ಪ್ರವಚನದ ಸ್ವಾಮಿಗಳ ದನಿ ತೆಗೆದ. "ಕಪಿಲೆಯೂ ಅಲ್ಲಿಂದಲೇ ಓಡಿ ಬರುವುದು ತಾಯೀ, ಇಲ್ಲಿ ಯಾರನ್ನೋ ಸೇರುವುದಕ್ಕೆ!"

ನಗು ಮುಚ್ಚಿಕೊಳ್ಳಲು ಅವಳು ಹೊಳೆ ಕಡೆ ತಿರುಗಿದಳು. ಕೆನ್ನೆಯ ಗುಳಿ ಮಾತ್ರ ಇತ್ತಲೇ ಉಳಿಯಿತು.

"ಚಳಿಗಾಲದ ವೇಷ ಯಾಕೆ?"

ಈಗ ಜಿಮ್ ಮಾಸ್ಟರ ಗಡಸು ದನಿ. "ಬ್ರೋ, ಬೆವರು ಕಿತ್ಕೊಂಡ್ ಬಂದ್ರೆ ಕೊಬ್ಬು ತುಪ್ಪದಂಗೆ ಕರಗ್ತದೆ!"

"ಬೆವರಲ್ಲಿ ಹೋಗೋದು ನೀರು ಕಣ್ರೀ, ಕೊಬ್ಬಲ್ಲ. ಈಗ ಇಳಿದಿದ್ದು ನೀರು ಕುಡಿದ ತಕ್ಷಣ ಮತ್ತೆ ಹತ್ತುತ್ತೆ."

"ಇಳಿಯೋರ್ ಇಳ್ಕಳಿ, ಅತ್ತೋರ್ ಅತ್ಕಳಿ!" ಸೋಸಲೆ ಬಸ್ಸಿನ ಕಂಡಕ್ಟರ ದನಿ.

"ತಮಾಷೆ ಸಾಕು. ತಿಂಡಿ ತಿಂದ್ರಾ?"

"ಅಯ್ಯೋ, ಅನ್ನ ಬಿಟ್ಟ, ರಸಬಾಳೆ ಬಿಟ್ಟ," ಅವನ ಅಮ್ಮನೇ ಬಂದು ಗೋಳಾಡಿದಂತಿತ್ತು. "ಒಟ್ಟೆ ಕರಗ್ಲಿ ಅಂತ ದಿನಾ ನೆಲದ ಮೇಲೆ ಬಿದ್ದು ಬಿದ್ದು ಏಳ್ತಾನೆ ಕಣವ್ವ!"

"ಹೊಟ್ಟೆ ಬಗ್ಗಿಸಿದ್ರೆ ಹೊಟ್ಟೆಯೊಂದೇ ಕರಗಲ್ಲ. ಎಲ್ಲಿಂದ ಕರಗಬೇಕು ಅನ್ನೋದು ಮೈಗೇ ಬಿಟ್ಟಿದ್ದು. ಆ ಬಾಳೆಹಣ್ಣೇನು ಪಾಪ ಮಾಡಿತ್ತು? ಇಷ್ಟೆಲ್ಲ ಯಾರಿಗೋಸ್ಕರ?"

ಈ ಸಲ ಬಂದದ್ದು ಅವಳ ಸೋದರತ್ತೆ ಪುಟ್ಟಬಸಮ್ಮನ ದನಿ, ಎಲೆಅಡಿಕೆ ಸಮೇತ. "ಉಡ್ಗೀಗೆ ನಿನ್ ತೂಕದ್ದೇ ತೊಂದ್ರೆಯಂತೆ ಕಣಪ್ಪ..."

ಅರ್ಪಿತ ಬೆಚ್ಚಿದಳು. "ನಾನು ಹೇಳಿದ್ದು, ಮಾತಿಗೆ ತೂಕ ಇಲ್ಲ ಅಂತ! ಹೆಣ್ಣು ನೋಡೋಕೆ ಬಂದ ದಿನ ಕೇಳಿದ್ದಕ್ಕೆಲ್ಲ ಯಾರ್ಯಾರದೋ ದನೀಲಿ ಉತ್ತರ ಕೊಟ್ರಿ. ನಿಮ್ಮ ದನಿ ಹೇಗಿದೆ ಅಂತ ಇವತ್ತಿಗೂ ನಂಗೆ ಗೊತ್ತಿಲ್ಲ."

ಅವನು ಬಾಯಿ ತೆರೆದ. ಕಂಡಕ್ಟರು ಬರಲಿಲ್ಲ. ಸ್ವಾಮಿಗಳೂ ಬರಲಿಲ್ಲ.

"ನಂ... ನಂದು... ತೊ... ತೊದಲು." ಕಿವಿಯವರೆಗೂ ಕೆಂಪಾದ. "ಬೇ... ಬೇರೆಯವರ ದನೀಲಾದ್ರೆ... ತೊದಲಲ್ಲ."

ಅರ್ಪಿತ ಅವನ ಪಕ್ಕದಲ್ಲೇ ಕೂತಳು. ಇಷ್ಟು ದಿನ ತಾನು ಚೇಷ್ಟೆ ಎಂದುಕೊಂಡದ್ದು ಅಂಜಿಕೆಯಾಗಿತ್ತು.

"ನಂಗೇನೂ ಅವಸರ ಇಲ್ಲ," ಎಂದಳು. "ಹೇಳಿ."

"ನಿ... ನಿಮ್ಮನ್ನ... ಮೊ... ಮೊದಲನೇ ದಿನಾನೇ..."

ವಾಕ್ಯ ಎಲ್ಲಿಗೆ ಹೋಗುತ್ತಿದೆ ಎಂದು ಅವಳಿಗೆ ಗೊತ್ತಿತ್ತು. ಮುಗಿಸಿಕೊಡುವುದು ಸುಲಭವಿತ್ತು. ಮುಗಿಸಲಿಲ್ಲ. ಅವನ ತುಟಿಯನ್ನೇ ನೋಡುತ್ತ ಕಾದಳು. ಒಂದೊಂದು ಅಕ್ಷರವೂ ತನ್ನನ್ನೇ ಹುಡುಕಿಕೊಂಡು ಬರುತ್ತಿರುವಾಗ ಅಡ್ಡ ಯಾಕೆ ಹೋಗಬೇಕು?

"ಇ... ಇಷ್ಟಪಟ್ಟೆ."

"ಇನ್ನೊಂದ್ಸಲ ಹೇಳಿ," ಎಂದಳು ಅರ್ಪಿತ. "ಇನ್ನೂ ನಿಧಾನಕ್ಕೆ."