ಗೋಡೆಯ ಮೇಲಿನ ಖಾಲಿ ಜಾಗ

“ಅಪ್ಪಾ! ಬೇಗ ಬಾ! ಸೂರ್ಯ ತಪ್ಪು ಜಾಗದಲ್ಲಿ ಬಿದ್ದಿದ್ದಾನೆ!”

ಮರಗೆಲಸದ ಶೆಡ್ಡಿನಲ್ಲಿ ಹಲಗೆ ಕೀಸುತ್ತಿದ್ದ ಅಪ್ಪ ತಲೆಯೆತ್ತಿ ನೋಡಿದರು. ಮಗಳು ಪೆನ್ಸಿಲ್ ಹಿಡಿದುಕೊಂಡು ಗೋಡೆಯ ಮುಂದೆ ಬಾಯಿ ಬಿಟ್ಟು ನಿಂತಿದ್ದಳು. ದೂರದ ಕಾರ್ಖಾನೆಯಲ್ಲಿ ಎಂಟು ಗಂಟೆಯ ಸೈರನ್ ಇನ್ನೂ ಕೂಗುತ್ತಲೇ ಇತ್ತು.

“ಸೂರ್ಯ ತಪ್ಪು ಮಾಡಿದ್ನಾ? ಹಾಗಾದ್ರೆ ಅವನನ್ನ ಕರೆಸಿ ವಿಚಾರಿಸೋಣ” ಎಂದು ಅಪ್ಪ ಮತ್ತೆ ಹಲಗೆಗೆ ಬಗ್ಗಿದರು.

“ತಮಾಷೆ ಅಲ್ಲಪ್ಪಾ! ನೀನೇನಾದ್ರೂ ತಗಡು ಅಲ್ಲಾಡಿಸಿದ್ಯಾ?”

ಎದುರುಗಡೆಯ ತಗಡಿನ ಗೋಡೆಯಲ್ಲಿ, ಮಾಡಿನ ಹತ್ತಿರ, ಒಂದು ಹಳೆಯ ಮೊಳೆಯ ತೂತು ಇತ್ತು. ಬೆಳಿಗ್ಗೆ ಅದರೊಳಗಿಂದ ಬಿಸಿಲು ತೂರಿ ಬಂದು, ಸುಣ್ಣ ಬಳಿದ ಈ ಗೋಡೆಯ ಮೇಲೆ ನಿಂಬೆಹಣ್ಣಿನಷ್ಟು ಬೆಳಕಾಗಿ ಬೀಳುತ್ತಿತ್ತು. ತೂತು ನೋಡಿದರೆ ಸೊಟ್ಟಂಪಟ್ಟ. ಬೆಳಕು ಮಾತ್ರ ಬಳೆಯ ಹಾಗೆ ದುಂಡಗೆ.

ಆ ಬೆಳಕು ಈಗ ಅವಳ ಕೊನೆಯ ಚುಕ್ಕೆಯ ಮೇಲೆ ಬಿದ್ದಿರಬೇಕಿತ್ತು. ಆದರೆ ಅದು ಪೂರ್ತಿ ಒಂದು ಗೇಣು ಹಿಂದೆ ಇತ್ತು.

ಇದಕ್ಕೆಲ್ಲ ಕಾರಣ ಸೈನ್ಸ್ ಮಿಸ್. “ಯಾವುದಾದ್ರೂ ಒಂದನ್ನ ದಿನಾ ನೋಡಿ. ಕಂಡಿದ್ದನ್ನ ಗುರುತು ಮಾಡಿ. ಅಷ್ಟೇ ಪ್ರಾಜೆಕ್ಟ್” ಅಂದಿದ್ದರು. ಎಲ್ಲರೂ ಲೋಟದಲ್ಲಿ ಕಾಳು ಬಿತ್ತಿದರು. ಇವಳು ಮಾತ್ರ ಈ ಬೆಳಕನ್ನು ಹಿಡಿದಳು. ಸೈರನ್ ಶುರುವಾದ ಕ್ಷಣಕ್ಕೆ ಬೆಳಕಿನ ನಡುವೆ ಒಂದು ಚುಕ್ಕೆ ಇಡಬೇಕು. ಒಂಚೂರು ತಡವಾದರೂ ಅದು ಕಣ್ಣೆದುರೇ ಕೆಳಗೆ ಜಾರಿಬಿಡುತ್ತಿತ್ತು.

“ಅರೆಬರೆ ಹೊಸ ಕೆಲಸ ಹಿಡಿದಳು! ಎಷ್ಟು ದಿನ ನೋಡೋಣ” ಎಂದು ಅಣ್ಣ ನಕ್ಕಿದ್ದ.

ಮನೆಯಲ್ಲಿ ಅವಳ ಹೆಸರೇ ಅರೆಬರೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅರ್ಧ ಹೆಣೆದ ಟೋಪಿ, ಮೂರು ಕಾಲಿಗೆ ಮಾತ್ರ ಬಣ್ಣ ಬಳಿದ ಸ್ಟೂಲು, ಹದಿನೇಳನೇ ಪುಟಕ್ಕೆ ನಿಂತ ಡೈರಿ, ಎಲ್ಲವೂ ಮಂಚದ ಕೆಳಗೆ ಧೂಳು ತಿನ್ನುತ್ತಿದ್ದವು.

ಮೊದಮೊದಲು ಅವಳ ಉತ್ಸಾಹ ಹೇಳತೀರದು. ಬೆಳಕು ದಿನಾ ಬಲಕ್ಕೆ ಎರಡು ಬೆರಳು ನಡೆಯುತ್ತಿತ್ತು! ಮೋಡ ಮುಚ್ಚಿದ ಒಂದು ದಿನ ಅವಳಿಗೆ ಅಳುವೇ ಬಂದಿತ್ತು. ಮೂರು ವಾರ ಕಳೆಯಿತು. ಎರಡು ಬೆರಳು, ಎರಡು ಬೆರಳು, ಮತ್ತೆ ಎರಡು ಬೆರಳು. ಚಳಿ ಹೆಚ್ಚಾಯಿತು, ಹೊದಿಕೆ ಬೆಚ್ಚಗಾಯಿತು. ಲೆಕ್ಕ ಗೊತ್ತಾದ ಮೇಲೆ ದಿನಾ ಬಂದು ನೋಡುವುದು ಯಾಕೆ? ಒಂದು ಸಂಜೆ ಅವಳು ಸ್ಕೇಲ್ ಇಟ್ಟು, ಮುಂದಿನ ಹದಿನೈದು ದಿನದ ಚುಕ್ಕೆಗಳನ್ನು ಒಟ್ಟಿಗೇ ಹಾಕಿಬಿಟ್ಟಿದ್ದಳು.

ನಾಳೆ ಬೆಳಿಗ್ಗೆ ಮಿಸ್ ಇಡೀ ಕ್ಲಾಸನ್ನು ಕರೆದುಕೊಂಡು ಈ ಗೋಡೆ ನೋಡಲು ಬರುತ್ತಾರೆ. ಹಾಗಾಗಿ ಇವತ್ತು ಒಂದು ಸಲ ಸರಿನೋಡೋಣ ಎಂದು ಬಂದರೆ, ಹೀಗೆ!

“ತಗಡನ್ನ ಯಾರೂ ಮುಟ್ಟಿಲ್ಲ” ಎಂದರು ಅಪ್ಪ. “ನೀನೂ ಹದಿನೈದು ದಿನದಿಂದ ಈ ಕಡೆ ಬಂದಿಲ್ಲ. ಮರದ ಪುಡಿ ಮೇಲೆ ನಿನ್ನ ಹೆಜ್ಜೆ ಇರ್ಲಿಲ್ಲ.”

ಅವಳ ಮುಖ ಚಿಕ್ಕದಾಯಿತು. “ದಿನಕ್ಕೆ ಎರಡು ಬೆರಳೇ ತಾನೇ ಹೋಗ್ತಿತ್ತು?”

“ಅದನ್ನ ಸೂರ್ಯನಿಗೂ ಒಂದು ಮಾತು ಹೇಳಬೇಕಿತ್ತು.”

ಅಪ್ಪ ಅಷ್ಟೇ ಹೇಳಿ ಕೆಲಸಕ್ಕೆ ತಿರುಗಿದರು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ.

ಸಂಜೆ ಅಣ್ಣ ಗೋಡೆ ನೋಡಿ, “ಅಯ್ಯೋ, ಇಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸ್ಕೋತೀಯಾ? ಅದನ್ನ ಅಳಿಸು. ಸಣ್ಣ ಸಣ್ಣ ಹೆಜ್ಜೆಯಾಗಿ ಮತ್ತೆ ಹಾಕು. ಯಾರಿಗೆ ಗೊತ್ತಾಗುತ್ತೆ?” ಎಂದ.

ಬೆಳಿಗ್ಗೆ ನಿಜವಾಗಿ ಬೆಳಕು ಬಿದ್ದಲ್ಲಿ ಇಟ್ಟಿದ್ದ ಚುಕ್ಕೆಯನ್ನು ಹಾಗೇ ಬಿಟ್ಟು, ಅವಳು ಸ್ಕೇಲ್ ಇಟ್ಟು ಹಾಕಿದ್ದ ಹದಿನೈದೂ ಚುಕ್ಕೆಗಳನ್ನು ರಬ್ಬರಿನಿಂದ ಉಜ್ಜಿ ಉಜ್ಜಿ ಅಳಿಸಿದಳು. ಪೆನ್ಸಿಲ್ ಚೂಪು ಮಾಡಿಕೊಂಡಳು. ಮೊದಲನೇ ಚುಕ್ಕೆ ಇಡಲು ಹೋದವಳ ಕೈ ಅಲ್ಲೇ ನಿಂತಿತು.

ಎಲ್ಲಿ ಇಡುವುದು? ಬೆಳಕು ದಿನಾ ಒಂಚೂರು ಒಂಚೂರೇ ನಿಧಾನವಾಯಿತಾ? ಇಲ್ಲಾ, ಒಂದು ದಿನ ಇದ್ದಕ್ಕಿದ್ದಂತೆ ಬ್ರೇಕ್ ಹಾಕಿತಾ? ಹೋದ ಸೋಮವಾರ ಎಲ್ಲಿತ್ತು? ಮಂಗಳವಾರ ಎಲ್ಲಿತ್ತು?

ಅಪ್ಪನಿಗೆ ಗೊತ್ತಿಲ್ಲ, ಅಣ್ಣನಿಗೆ ಗೊತ್ತಿಲ್ಲ. ಹದಿನೈದು ದಿನ ಬೆಳಕು ಇದೇ ಗೋಡೆಗೆ ಸರಿಯಾದ ಹೊತ್ತಿಗೆ ಬಂದು, ಏನೋ ಮಾಡಿ, ಹೊರಟು ಹೋಗಿತ್ತು. ಇವಳು ಹೊದ್ದು ಮಲಗಿದ್ದಳು. ಚುಕ್ಕೆ ಇಡಲು ಅವಳಿಗೆ ಮನಸ್ಸಾಗಲಿಲ್ಲ. ಮಿಸ್ ಬೈಯುತ್ತಾರೆ ಅಂತಲ್ಲ. ಕಳೆದುಕೊಂಡಿದ್ದು ಏನೆಂದೇ ಅವಳಿಗೆ ಗೊತ್ತಿರಲಿಲ್ಲ, ಅದಕ್ಕೆ.

ಅವಳು ಪೆನ್ಸಿಲ್ ಕೆಳಗಿಟ್ಟಳು.

ಮರುದಿನ ಶೆಡ್ಡಿನ ತುಂಬ ಮಕ್ಕಳು. ಒಬ್ಬ ಹುಡುಗ ಚುಕ್ಕೆಗಳ ನಡುವಿನ ಖಾಲಿ ಜಾಗಕ್ಕೆ ಬೆರಳು ತೋರಿಸಿ, “ಮಿಸ್, ಇಲ್ಲಿ ಏನೂ ಇಲ್ಲ!” ಎಂದ.

ಎಲ್ಲರೂ ಅವಳನ್ನೇ ನೋಡಿದರು. ಅವಳ ಕಿವಿ ಬಿಸಿಯಾಯಿತು.

“ಅಲ್ಲಿ... ಅಲ್ಲಿ ನಾನು ನೋಡಿಲ್ಲ ಮಿಸ್. ಸುಮ್ನೆ ಚುಕ್ಕೆ ಹಾಕಿದ್ದೆ. ತಪ್ಪಾಗಿತ್ತು. ನಿನ್ನೆ ಅಳಿಸ್ದೆ.”

ಯಾರೋ ಕಿಸಕ್ಕನೆ ನಕ್ಕರು. ಮಿಸ್ ಆ ಖಾಲಿ ಜಾಗದ ಹತ್ತಿರ ಬಗ್ಗಿ ನೋಡಿದರು. “ತಪ್ಪು ಅಂತ ಹೇಗೆ ಗೊತ್ತಾಯ್ತು?”

“ಬೆಳಕು ನಿಧಾನ ಆಗ್ಬಿಟ್ಟಿದೆ ಮಿಸ್.”

ಅಷ್ಟರಲ್ಲಿ ಸೈರನ್ ಕೂಗಿತು. ಅವಳು ಓಡಿಹೋಗಿ ಚುಕ್ಕೆ ಇಟ್ಟಳು. ನಿನ್ನೆಯದಕ್ಕಿಂತ ಬರೀ ಒಂದು ಬೆರಳು ಮುಂದೆ! ನಕ್ಕವರೂ ಗೋಡೆಗೆ ಮೂಗು ತಾಗಿಸಿ ನೋಡಿದರು.

“ತೂತು ಸೊಟ್ಟಗಿದೆ, ಬೆಳಕು ಯಾಕೆ ದುಂಡಗಿದೆ ಹೇಳಿ?” ಎಂದರು ಮಿಸ್. ಆಮೇಲೆ ಅವರೇ ಹೇಳಿದರು: “ಅದು ಬರೀ ಬೆಳಕಲ್ಲ. ಸೂರ್ಯನ ಚಿತ್ರ. ನಿಜವಾದ ಸೂರ್ಯನೇ ಅಲ್ಲಿಂದ ಬಂದು ಇಲ್ಲಿ ಮೂಡಿದ್ದಾನೆ.”

ಅಪ್ಪ ಕೂಡ ಸುತ್ತಿಗೆ ಕೆಳಗಿಟ್ಟು ಹತ್ತಿರ ಬಂದರು. ಅವಳು ತನ್ನ ಅಂಗೈಯನ್ನು ಬೆಳಕಿಗೆ ಒಡ್ಡಿದಳು. ಅಂಗೈಯಲ್ಲಿ ಸೂರ್ಯ! ಅವಳ ಮೈ ಜುಮ್ಮೆಂದಿತು.

“ಮಿಸ್, ಮುಂದೆ ಏನಾಗುತ್ತೆ? ನಿಂತೇಬಿಡುತ್ತಾ?”

“ನಾನು ಪುಸ್ತಕದಲ್ಲಿ ಓದಿದ್ದೀನಿ. ಕಣ್ಣಾರೆ ನೋಡಿಲ್ಲ” ಎಂದು ಮಿಸ್ ನಕ್ಕರು. “ನೀನು ನೋಡಿ ನನಗೆ ಹೇಳ್ತೀಯಾ?”

ಆಮೇಲೆ ಅವಳನ್ನು ಯಾರೂ ಎಬ್ಬಿಸಬೇಕಾಗಲಿಲ್ಲ. ಒಂದು ಬೆರಳು ಅರ್ಧ ಬೆರಳಾಯಿತು. ಅರ್ಧ ಬೆರಳು ಕಾಳಿನಷ್ಟಾಯಿತು. ಬಲಕ್ಕೆ ಹೋಗುವುದು ಕಡಿಮೆಯಾದ ಹಾಗೆ, ಚುಕ್ಕೆಗಳು ಒಂಚೂರು ಮೇಲಕ್ಕೆ ಏರುತ್ತಿದ್ದವು. ಕೆಲವು ದಿನ ಬೆಳಕು ಬಲಕ್ಕೆ ಕೂದಲೆಳೆಯಷ್ಟೂ ಕದಲಲಿಲ್ಲ. ಅವಳು ಉಸಿರು ಬಿಗಿಹಿಡಿದು ಕಾದಳು.

ಒಂದು ಬೆಳಿಗ್ಗೆ ಅವಳ ಕೂಗಿಗೆ ಮನೆಯವರೆಲ್ಲ ಶೆಡ್ಡಿಗೆ ಓಡಿ ಬಂದರು. ಅಣ್ಣ ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಬಂದಿದ್ದ.

“ತಿರುಗ್ತು! ವಾಪಸ್ ಹೊರಟಿದೆ! ಎಡಕ್ಕೆ ಬಂದಿದೆ, ನೋಡಿ! ಆದ್ರೆ ಹಳೇ ದಾರೀಲಿ ಅಲ್ಲ, ಅದರ ಮೇಲೆ ಬೇರೇನೇ ದಾರಿ ಮಾಡ್ಕೊಂಡಿದೆ!”

ಅಪ್ಪ ಮೊಣಕಾಲೂರಿ ಕುಳಿತು ಚುಕ್ಕೆಗಳನ್ನು ಒಂದೊಂದಾಗಿ ನೋಡಿದರು. “ಇಪ್ಪತ್ತು ವರ್ಷದಿಂದ ಇಲ್ಲೇ ಕೆಲಸ ಮಾಡ್ತಿದ್ದೀನಿ” ಎಂದರು ಮೆಲ್ಲಗೆ. “ಇದು ನನ್ನ ಬೆನ್ನ ಹಿಂದೇನೇ ನಡೀತಿತ್ತು.”

ಅಣ್ಣ ಬ್ರಷ್ ತೆಗೆದು, “ಏ ಅರೆಬರೆ, ಯಾಕೆ ಅದು ಬೇರೆ ದಾರಿ ಹಿಡೀತು?” ಎಂದ. ಈ ಸಲ ಅವನು ನಗುತ್ತಿರಲಿಲ್ಲ.

“ಗೊತ್ತಿಲ್ಲ” ಎಂದಳು ಅವಳು, ಕಣ್ಣರಳಿಸಿ. “ಅಪ್ಪಾ, ಎಡಗಡೆ ಒರಗಿಸಿದ್ದೀಯಲ್ಲ, ಆ ಹಲಗೆಗಳನ್ನ ತೆಗೀತೀಯಾ? ಅಲ್ಲಿಗೂ ಬರಬಹುದು.”

ಅಪ್ಪ ಎದ್ದು ಒಂದೊಂದೇ ಹಲಗೆ ತೆಗೆದರು. ಹಿಂದೆ ಬಿಳಿ ಗೋಡೆ ಬಾಗಿಲವರೆಗೂ ಉದ್ದಕ್ಕೆ ಖಾಲಿ ಇತ್ತು. “ಉಳಿದ ಸುಣ್ಣ ಇದೆ, ಆ ಅಳಿಸಿದ ಜಾಗಕ್ಕೆ ಬಳಿದುಬಿಡ್ಲಾ? ಮಸಿ ಮಸಿಯಾಗಿದೆ.”

“ಬೇಡ ಬೇಡ!” ಅವಳು ಅಡ್ಡ ನಿಂತಳು. ರಬ್ಬರಿನ ಕಲೆ ಉಳಿದಿದ್ದ ಆ ಜಾಗವನ್ನು ಬೆರಳಿನಿಂದ ಮೆಲ್ಲಗೆ ಸವರಿದಳು. “ಮುಂದಿನ ವರ್ಷ ಅದೇ ಹದಿನೈದು ದಿನ ಮತ್ತೆ ಬರುತ್ತಲ್ವಾ? ಆಗ ನಾನು ಇಲ್ಲಿರ್ತೀನಿ.”